ಮಲೆನಾಡಿನ ಅಡುಗೆಮನೆಗೆ ಕಡು ಬೂದು ಬೇಡ

ಅಡುಗೆಮನೆಗೆ ಕಡು ಬೂದು ಬಳಿದರೆ ಎಣ್ಣೆ ಕಲೆ ಕಾಣುವುದಿಲ್ಲ ಅಂತ ಬರೆದಿದ್ದೀರಿ, ಬಯಲುಸೀಮೆಯ ಬಿಸಿಲಿಗೆ ಅದು ಸರಿ ಇರಬಹುದು. ನಮ್ಮದು ತೀರ್ಥಹಳ್ಳಿ ಹತ್ತಿರ, ಸುತ್ತ ಅಡಿಕೆ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಧ್ಯಾಹ್ನವೇ ಲೈಟ್ ಹಾಕಬೇಕು. ಕಡು ಬಣ್ಣ ಇರುವ ಚೂರು ಬೆಳಕನ್ನೂ ನುಂಗಿಬಿಡುತ್ತದೆ ಅಲ್ವಾ? ನಾವು ಹಳೆಯ ರೆಡ್ ಆಕ್ಸೈಡ್ ನೆಲ ಉಳಿಸಿಕೊಂಡು ಗೋಡೆಗೆ ಬೆಣ್ಣೆ ಬಣ್ಣ, ಕಪಾಟಿಗೆ ಹಸಿರು ಹೊಡೆಸಿದೆವು. ಕೆಂಪಿಗೆ ಹಸಿರು ಎದುರು ಬಣ್ಣ, ಅದಕ್ಕೇ ಎರಡೂ ಎದ್ದು ಕಾಣುತ್ತವೆ, ಆದರೆ ಹಸಿರು ತಿಳಿಯಾಗೇ ಇರಬೇಕು, ಗಾಢವಾದರೆ ಕಣ್ಣಿಗೆ ಹೊಡೆಯುತ್ತದೆ. ಒಲೆ ಹಿಂದಿನ ಗೋಡೆಗೆ ಮಾತ್ರ ಒರೆಸಲು ಬರುವ ಹೊಳಪಿನ ಪೇಂಟ್ ಹಾಕಿಸಿ, ಕಲೆಯ ಚಿಂತೆ ಮುಗಿಯಿತು. ಬೂಷ್ಟು ಹಿಡಿದ ಗೋಡೆಯನ್ನು ಉಜ್ಜಿ ಒಣಗಿಸದೆ ಸುಮ್ನೆ ಬಣ್ಣ ಬಳಿಯಬೇಡಿ, ಮುಂದಿನ ಮಳೆಗೆ ಆ ಕಪ್ಪು ಮತ್ತೆ ಹೊರಗೆ ಬರುತ್ತದೆ.