ಅಚ್ಚು ಹಾಕಲಿ ಬಿಡಿ, ಆಡೋರಿಗೂ ಸಿಗಲಿ

ಮ್ಯಾಜಿಕ್, ಪೋಕೆಮಾನ್‌ನಂಥ ಆಟಗಳ ಹಳೆ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿದರೆ ಬೆಲೆ ಬಿದ್ದು ಸಂಗ್ರಹ ಮಾಡಿದವರಿಗೆ ನಷ್ಟ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಬೀಳಲಿ ಬಿಡಿ ಸಾರ್! ಕಾರ್ಡು ಇರೋದು ಆಡೋಕೆ ಅಲ್ವಾ, ಲಾಕರ್‌ನಲ್ಲಿ ಇಡೋಕೆ ಅದೇನು ಬಂಗಾರವೇ? ಮ್ಯಾಜಿಕ್ ಕಾರ್ಡ್ ಆಟದ ಕಂಪನಿಯವರು 1996ರಲ್ಲಿ ಒಂದು ಪಟ್ಟಿ ಮಾಡಿ ಇವನ್ನು ಇನ್ನು ಅಚ್ಚು ಹಾಕಲ್ಲ ಅಂತ ಮಾತು ಕೊಟ್ಟರು, ಬ್ಲ್ಯಾಕ್ ಲೋಟಸ್ ಅನ್ನೋ ಭಾರೀ ದುಬಾರಿ ಕಾರ್ಡು ಅದರಲ್ಲೇ ಇದೆ, ನಮ್ಮಂಥವರು ಅದನ್ನು ಫೋಟೋದಲ್ಲಿ ನೋಡಿ ಖುಷಿಪಡಬೇಕು ಅಷ್ಟೆ. ಪೋಕೆಮಾನ್‌ನವರು 2021ರಲ್ಲಿ 25 ವರ್ಷದ ನೆಪದಲ್ಲಿ ಹಳೆ ಚಾರಿಜಾರ್ಡ್ ಕಾರ್ಡನ್ನು ಮತ್ತೆ ತಂದರು. 1999ರ ಕಾರ್ಡಿನ ಮರ್ಯಾದೆಯೇನೂ ಹೋಗಲಿಲ್ಲ.

ಅಸಲಿ ಸಿಗದಿದ್ದರೆ ನಕಲಿ ಬರುತ್ತೆ. ನಾನಿರೋದು ಪುಣೆಯ ಕೋಥ್ರೂಡ್‌ನಲ್ಲಿ, ಇಲ್ಲೇ ಒಂದು ಅಂಗಡಿಯಲ್ಲಿ ಅಕ್ಕನ ಮಗನಿಗೆ ಪೋಕೆಮಾನ್ ಕಾರ್ಡಿನ ಪ್ಯಾಕೆಟ್ ಕೊಡಿಸಿದೆ. ಹಿಂಬದಿಯ ನೀಲಿ ಯಾಕೋ ಪೇಲವ. ಒಂದನ್ನು ಹರಿದು ನೋಡಿದರೆ ಅಸಲಿಯಲ್ಲಿರೋ ನಡುವಿನ ಕಪ್ಪು ಪದರವೇ ಇಲ್ಲ, ಬರೀ ಬಿಳಿ ರಟ್ಟು. "ಮಾಮಾ, ಹರೀಬಾರದಿತ್ತು, ನಕಲಿ ಆದ್ರೂ ನಡೀತಿತ್ತು" ಅಂದ, ಪಾಪ.

ಇನ್ನು ಕಾರ್ಡಿನ ಮಾತು ಬಿಟ್ಟು ಫೈಟಿಂಗ್ ವಿಡಿಯೋ ಗೇಮ್‌ಗೆ ಬರೋಣ. 1991ರ ಸ್ಟ್ರೀಟ್ ಫೈಟರ್ 2ರಿಂದ ಈಗಿನ 6ರವರೆಗೂ ಭಾರತ ಅಂದ್ರೆ ನೆನಪಾಗೋದು ದಾಲ್ಸಿಮ್ ಅನ್ನೋ ಯೋಗಿ ಪಾತ್ರ, ಅದೇ ಯೋಗ, ಅದೇ ಬಾಯಿ ಬೆಂಕಿ. ನಂಗೂ ಇಷ್ಟಾನೇ, ಆದರೆ ಸಾಕು. ಒಬ್ಬಳು ಮಲ್ಲಕಂಬದ ಹುಡುಗಿ ಬರಲಿ. ಇಲ್ಲಿ ಹುಡುಗಿಯರು ಕಂಬದ ಬದಲು ನೇತುಹಾಕಿದ ಹಗ್ಗವನ್ನು ಕಾಲಿನ ಎರಡೇ ಬೆರಳ ಸಂದಿಯಲ್ಲಿ ಹಿಡಿದು ಸರಸರ ಮೇಲೇರಿ, ತಲೆಕೆಳಗಾಗಿ ನಿಂತುಬಿಡ್ತಾರೆ. ಅಲ್ಲಿಂದ ಬೀಳೋ ಒದೆ ಹೇಗಿರುತ್ತೆ, ಯೋಚಿಸಿ!