ಥರ್ಮಂಡ್ ಸಾಹೇಬರ ನಾಲಿಗೆ

1957ರ ಆಗಸ್ಟ್ 28ರ ರಾತ್ರಿ ಅಮೆರಿಕದ ಸೆನೆಟ್‌ನಲ್ಲಿ ಸೌತ್ ಕೆರೊಲಿನಾದ ಸ್ಟ್ರಾಮ್ ಥರ್ಮಂಡ್ ಸಾಹೇಬರು ಮಾತಿಗೆ ಎದ್ದು ನಿಂತರು. ಮುಗಿಸಿದ್ದು ಮರುದಿನ ರಾತ್ರಿ. ಒಟ್ಟು 24 ಗಂಟೆ 18 ನಿಮಿಷ! ಕಪ್ಪು ಜನರ ಮತದಾನದ ಹಕ್ಕು ಕಾಯುವ ಮಸೂದೆಯೊಂದು ಬಂದಿತ್ತು. ಅದನ್ನು ತಡೆಯಬೇಕಿತ್ತು. ಒಬ್ಬರು ಮಾತು ನಿಲ್ಲಿಸುವ ತನಕ ಅಲ್ಲಿ ಸಾಮಾನ್ಯವಾಗಿ ಮತಕ್ಕೆ ಹಾಕುವ ಹಾಗಿಲ್ಲ. ಹೀಗೆ ಮಾತಾಡುತ್ತಲೇ ಮಸೂದೆ ತಡೆಯೋದಕ್ಕೆ ಫಿಲಿಬಸ್ಟರ್ ಅಂತಾರೆ.

ಅಷ್ಟು ಹೊತ್ತು ಏನು ಮಾತಾಡೋದು? ರಾಜ್ಯಗಳ ಚುನಾವಣಾ ಕಾನೂನುಗಳನ್ನು ಒಂದೊಂದಾಗಿ ಓದಿದರು. ಸ್ವಾತಂತ್ರ್ಯ ಘೋಷಣೆಯನ್ನೂ ಓದಿದರು. ಎಲ್ಲ ಮನುಷ್ಯರೂ ಸಮಾನರು ಅನ್ನುವ ಸಾಲು ಬರೋದು ಅದರಲ್ಲೇ. ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಪದೇ ಪದೇ ಬಾತ್‌ರೂಮಿಗೆ ಓಡಬಾರದು ಅಂತ ಮೊದಲೇ ಹಬೆಸ್ನಾನ ಮಾಡಿ ಮೈಯ ನೀರು ಇಳಿಸಿಕೊಂಡಿದ್ದರಂತೆ. ಸಿದ್ಧಾಂತಕ್ಕಾಗಿ ಬೆವರು ಸುರಿಸೋದು ಅಂದರೆ ಇದೇ ಅಲ್ವಾ? ಅವರು ಕೂತು ಎರಡು ಗಂಟೆಯಾಗುವಷ್ಟರಲ್ಲಿ ಮಸೂದೆ 60–15ರಲ್ಲಿ ಪಾಸಾಯಿತು.

ಸಾಹೇಬರ ಅಪ್ಪ ವಕೀಲರು. ಅವರ ಹತ್ತಿರವೇ ಕಾನೂನು ಓದಿ ಮಗನೂ 1930ರಲ್ಲಿ ವಕೀಲನಾದ. ಆಮೇಲೆ ಜಡ್ಜ್, ಗವರ್ನರ್. 1948ರಲ್ಲಿ ಕಪ್ಪು–ಬಿಳಿ ಬೇರೆಬೇರೆಯಾಗಿಯೇ ಇರಬೇಕೆಂದು ಅಧ್ಯಕ್ಷ ಚುನಾವಣೆಗೂ ನಿಂತರು. ನಾಲ್ಕು ರಾಜ್ಯ ಗೆದ್ದರು. ಥಿಯೇಟರ್, ಈಜುಕೊಳ, ಚರ್ಚು, ಮನೆ, ಇಲ್ಲೆಲ್ಲ ಕಪ್ಪು ಜನರನ್ನು ಬಲವಂತವಾಗಿ ಸೇರಿಸಲು ಸೈನ್ಯದಲ್ಲಿರುವ ಸೈನಿಕರೆಲ್ಲ ಬಂದರೂ ಸಾಲದು ಎಂದು ಗುಡುಗಿದರು.

ಮನೆಯಂತೆ, ಮನೆ! ಅವರಪ್ಪನ ಮನೆಗೆಲಸದಲ್ಲಿ ಕ್ಯಾರಿ ಬಟ್ಲರ್ ಎಂಬ ಕಪ್ಪು ಹುಡುಗಿ ಇದ್ದಳು. 1925ರಲ್ಲಿ ಅವಳು ಹೆಣ್ಣುಮಗು ಹೆತ್ತಾಗ ಅವಳಿಗೆ 16, ಮಗುವಿನ ಅಪ್ಪ ಥರ್ಮಂಡರಿಗೆ 22. ಇದಕ್ಕೆ ಸೈನಿಕರು ಬೇಕಾಗಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಸುಮ್ನೆ ದೂರಬಾರದು. ಮಗಳು ಎಸ್ಸಿ ಮೇಗೆ ದುಡ್ಡು ಕೊಡುತ್ತಿದ್ದರು. ಗವರ್ನರ್ ಆಗಿದ್ದಾಗ, ಅವಳು ಓದುತ್ತಿದ್ದ ಕಪ್ಪು ಜನರ ಕಾಲೇಜಿಗೇ ಹೋಗಿ ಗುಟ್ಟಾಗಿ ನೋಡಿಬರುತ್ತಿದ್ದರು. ಆ ಕಾಲೇಜು ಬೇರೆಯಾಗಿಯೇ ಇರಬೇಕು ಅನ್ನೋದು ಅವರದೇ ರಾಜಕೀಯ. ಆದರೆ ಈಕೆ ನನ್ನ ಮಗಳು ಅನ್ನುವ ಮಾತನ್ನು ಊರೆದುರು ಯಾವತ್ತೂ ಆಡಲಿಲ್ಲ. ಅದಕ್ಕೆ 24 ಗಂಟೆ ಬೇಕಿರಲಿಲ್ಲ, 18 ನಿಮಿಷವೂ ಬೇಕಿರಲಿಲ್ಲ. ನೂರು ವರ್ಷ ತುಂಬುವ ತನಕ ಸೆನೆಟ್‌ನಲ್ಲಿದ್ದು, 2003ರ ಜೂನ್‌ನಲ್ಲಿ ತೀರಿಕೊಂಡರು. ಡಿಸೆಂಬರ್‌ನಲ್ಲಿ 78ರ ಮಗಳೇ ಬಾಯಿಬಿಟ್ಟಳು.

ಸೌತ್ ಕೆರೊಲಿನಾದ ರಾಜಧಾನಿ ಕೊಲಂಬಿಯಾದ ವಿಧಾನಸಭೆಯ ಆವರಣದಲ್ಲಿ ಆಗಲೇ ಅವರ ಪ್ರತಿಮೆ ನಿಂತಾಗಿತ್ತು. ಪೀಠದ ಮೇಲೆ ನಾಲ್ಕು ಮಕ್ಕಳ ತಂದೆ ಎಂದು ಕೆತ್ತಿದ್ದರು. 2004ರಲ್ಲಿ ಉಳಿ ಹಿಡಿದು ನಾಲ್ಕನ್ನು ಐದು ಮಾಡಿದರು. ಹಿರಿಮಗಳ ಹೆಸರಿಗೆ ಜಾಗ ಸಿಕ್ಕಿದ್ದು ಎಲ್ಲರಿಗಿಂತ ಕೆಳಗೆ.