"ಪೇರೆಂಟ್ಸ್ ಎಲ್ಲ ಹೊರಗೆ ನಿಂತ್ಕೊಳ್ರೀ"

ಹೋದ ವಾರ ಮಗಳ ಜೊತೆ ಕೂತು 'ಕ್ವಯಟ್ ಆನ್ ಸೆಟ್' ನೋಡಿದೆ. 2024ರಲ್ಲಿ ಬಂದ ಡಾಕ್ಯುಮೆಂಟರಿ, ನನಗೆ ಬಿಡುವಾಗಿದ್ದು ಈಗ. ಅಮೆರಿಕದ ಮಕ್ಕಳ ಟಿವಿ ಶೋಗಳ ಹಿಂದೆ ಏನೇನು ನಡೆಯುತ್ತಿತ್ತು ಅನ್ನುವುದು ಅದರ ವಿಷಯ. ನಿಕಲೋಡಿಯನ್ ಚಾನೆಲ್ಲಿನ ಕಥೆ. ಇವಳು ಚಿಕ್ಕವಳಿದ್ದಾಗ ನಿಕ್ ಹಾಕಿದರೆ ಮಾತ್ರ ಅನ್ನಕ್ಕೆ ಬಾಯಿ ತೆರೆಯುತ್ತಿದ್ದಳು.

ಅರ್ಧ ನೋಡುವ ಹೊತ್ತಿಗೆ ಅವಳು ಪಾಸ್ ಒತ್ತಿ ಕೇಳಿದಳು. "ಅಮ್ಮಾ, ಅವತ್ತು ನೀನೂ ಹೊರಗೇ ನಿಂತಿದ್ದೆ, ಅಲ್ವಾ?"

ಅವತ್ತು ಅಂದರೆ ಅವಳು ಮೂರನೇ ಕ್ಲಾಸಿನಲ್ಲಿದ್ದಾಗ. ನಮ್ಮ ದಾವಣಗೆರೆಯಲ್ಲೇ, ಒಂದು ಕಲ್ಯಾಣ ಮಂಟಪದಲ್ಲಿ, ಟಿವಿ ಡ್ಯಾನ್ಸ್ ಶೋಗೆ ಆಡಿಷನ್ ಅಂತ ಮಾಡಿದ್ದರು. ಫಾರಂಗೆ 500 ರೂಪಾಯಿ. ಹೊಟ್ಟೆ ಭಾರ ಆಗುತ್ತೆ ಅಂತ ಬೆಳಗ್ಗೆ ಅವಳಿಗೆ ಬೆಣ್ಣೆ ದೋಸೆ ಕೂಡ ಕೊಡಿಸಿರಲಿಲ್ಲ, ಎರಡು ಬಿಸ್ಕತ್ತು ತಿನ್ನಿಸಿ ಕರೆದುಕೊಂಡು ಹೋಗಿದ್ದೆ. ಕೊರಳಿಗೆ ಟ್ಯಾಗ್ ಹಾಕಿಕೊಂಡಿದ್ದ ಒಬ್ಬ ಹುಡುಗ ಬಂದು, "ಪೇರೆಂಟ್ಸ್ ಎಲ್ಲ ಹೊರಗೆ ನಿಂತ್ಕೊಳ್ರೀ, ನೀವಿದ್ರೆ ಮಕ್ಕಳು ಫ್ರೀಯಾಗಿ ಮಾಡಲ್ಲ" ಅಂದ. ನಾವು ನಲವತ್ತು ಐವತ್ತು ಜನ ಅಪ್ಪ ಅಮ್ಮಂದಿರು ಸುಮ್ನೆ ಹೊರಗೆ ಬಂದೆವು. ಬಾಗಿಲು ಹಾಕಿಕೊಂಡಿತು. ಹತ್ತು ಗಂಟೆಗೆ ಒಳಗೆ ಹೋದವಳು ಹೊರಗೆ ಬಂದಿದ್ದು ಮೂರಕ್ಕೆ. ಅಲ್ಲಿವರೆಗೆ ನಾವೆಲ್ಲ ನೆರಳು ಹುಡುಕಿಕೊಂಡು ಮಂಡಕ್ಕಿ ಮಿರ್ಚಿ ತಿನ್ನುತ್ತಾ, ಯಾರ ಮಗು ಎಲ್ಲಿ ಸೆಲೆಕ್ಟ್ ಆಯಿತು ಅಂತ ಮಾತಾಡುತ್ತಾ ಇದ್ದೆವು. ಒಬ್ಬರೂ ಬಾಗಿಲು ತಟ್ಟಲಿಲ್ಲ.

ಒಳಗೆ ಏನಾಯಿತು ಅಂತ ಅವಳು ಹೇಳಿದ್ದು ಹೋದ ವಾರ. ಶಾಲೆಯ ವಾರ್ಷಿಕೋತ್ಸವದ ಜನಪದ ಹಾಡಿಗೆ ಅಂತ ತಯಾರಾಗಿ ಹೋಗಿದ್ದಳು. ಅವರು ಅದನ್ನು ನಿಲ್ಲಿಸಿ ಒಂದು ಐಟಂ ಸಾಂಗ್ ಹಾಕಿದರಂತೆ. ಸೊಂಟದ ಸ್ಟೆಪ್ಪನ್ನು ಮೂರು ಸಲ ಮಾಡಿಸಿದರಂತೆ. "ಎಕ್ಸ್‌ಪ್ರೆಷನ್ ಸಾಲದು ಪುಟ್ಟಿ" ಅಂದಾಗ ಕ್ಯಾಮೆರಾದವನು ನಕ್ಕನಂತೆ. ಮೂತ್ರಕ್ಕೆ ಹೋಗಬೇಕಿತ್ತು, ಕೇಳಿದರೆ ಸೆಲೆಕ್ಟ್ ಮಾಡಲ್ಲವೇನೋ ಅಂತ ಮೂರು ಗಂಟೆವರೆಗೂ ಕಟ್ಟಿಕೊಂಡು ಕೂತಿದ್ದಳಂತೆ. ಅಷ್ಟೇ. ಅದಕ್ಕಿಂತ ದೊಡ್ಡದು ಏನೂ ಆಗಲಿಲ್ಲ. ಆದರೆ ಆಗದೇ ಇದ್ದಿದ್ದಕ್ಕೆ ನಾನು ಕಾರಣ ಅಲ್ಲ, ನೋಡಿ. ಮನೆಗೆ ಬರುವಾಗ ಆಟೋದಲ್ಲಿ ನಾನು ಅವಳನ್ನು ಕೇಳಿದ್ದು ಒಂದೇ ಮಾತು, "ನಗ್ತಾ ಮಾಡಿದೆಯಾ?"

ಈ ಡಾಕ್ಯುಮೆಂಟರಿಯಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಆ ಅಪ್ಪ. ಡ್ರೇಕ್ ಬೆಲ್ ಅನ್ನುವ ನಟನ ತಂದೆ. ಮಗನ ಸುತ್ತ ಸುತ್ತುತ್ತಿದ್ದ ಡೈಲಾಗ್ ಕೋಚ್ ಮೇಲೆ ಅವರಿಗೆ ಅನುಮಾನ ಬಂದಿತ್ತು. ಸೆಟ್ಟಿನವರಿಗೆ ಹೇಳಿದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕೋಚ್ ಏನು ಮಾಡಿದ ಗೊತ್ತಾ? ನಿಮ್ಮಪ್ಪ ನಿನ್ನ ದುಡ್ಡು ನುಂಗುತ್ತಿದ್ದಾನೆ ಅಂತ ಹುಡುಗನ ಕಿವಿ ಊದಿ, ಅಪ್ಪನನ್ನೇ ದೂರ ಮಾಡಿಸಿದ. ಹುಡುಗನಿಗೆ ಆಗ ಹದಿನೈದು. ಆ ಹುಡುಗನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಕ್ಕೆ 2004ರಲ್ಲಿ ಕೋಚ್‌ಗೆ ಶಿಕ್ಷೆ ಆಯಿತು, 16 ತಿಂಗಳು. ಅವನು ಒಳ್ಳೆಯವನು ಅಂತ ಜಡ್ಜ್‌ಗೆ ಪತ್ರ ಬರೆದವರು 41 ಜನ! ಆ ಹುಡುಗ ನಾನೇ ಅಂತ ಬೆಲ್ ಹೇಳಿಕೊಳ್ಳುವ ಹೊತ್ತಿಗೆ 2024 ಆಗಿತ್ತು.

ಅಂದರೆ ದೊಡ್ಡವರನ್ನು ಬಾಗಿಲ ಹೊರಗೆ ನಿಲ್ಲಿಸುವುದು ಈ ಕಸುಬಿನ ಮೊದಲ ಪಾಠ. ಮಿಕ್ಕಿದ್ದೆಲ್ಲ ಆಮೇಲೆ.

ಜಪಾನಿನ ಕಥೆ ಇನ್ನೂ ಹೊಟ್ಟೆ ಉರಿಸುತ್ತದೆ. ಜಾನಿ ಕಿಟಗಾವಾ ಅಂತ, ಹುಡುಗರ ಹಾಡಿನ ತಂಡಗಳನ್ನು ಕಟ್ಟಿ ಮೆರೆದವನು. ಅವನು ಹುಡುಗರಿಗೆ ಲೈಂಗಿಕ ಕಿರುಕುಳ ಕೊಟ್ಟಿದ್ದಾನೆ ಅಂತ ಒಂದು ವಾರಪತ್ರಿಕೆ ಬರೆದದ್ದು ನಿಜವೇ ಅಂತ 2003ರಲ್ಲಿ ಟೋಕಿಯೋ ಹೈಕೋರ್ಟ್ ಹೇಳಿತ್ತು. ಹೈಕೋರ್ಟ್, ಕಟ್ಟೆ ಮೇಲಿನ ಪಟ್ಟಾಂಗ ಅಲ್ಲ. ಆದರೂ ಅಲ್ಲಿನ ಟಿವಿಗಳು ಬಾಯಿ ಬಿಡಲಿಲ್ಲ. ಅವನ ಹುಡುಗರು ಬೇಕಲ್ಲ, ಶೋ ನಡೆಯಬೇಕಲ್ಲ! 2019ರಲ್ಲಿ ಅವನು ದೊಡ್ಡ ಮನುಷ್ಯನಾಗಿಯೇ ಸತ್ತ. 2023ರ ಮಾರ್ಚ್‌ನಲ್ಲಿ ಬಿಬಿಸಿ ಡಾಕ್ಯುಮೆಂಟರಿ ಬಂತು. ಸೆಪ್ಟೆಂಬರ್‌ನಲ್ಲಿ ಅವನ ಕಂಪನಿ ಹೌದು ಅಂತ ಒಪ್ಪಿಕೊಂಡಿತು. ಇಪ್ಪತ್ತು ವರ್ಷ ಕೋರ್ಟಿನ ಮಾತಿಗೆ ಇಲ್ಲದ ಬೆಲೆ ಒಂದು ಸಿನಿಮಾಕ್ಕೆ ಬಂತು. ಇದಕ್ಕೆ ಖುಷಿ ಪಡಬೇಕೋ ಅಳಬೇಕೋ.

ಹಾಗಂತ ಡಾಕ್ಯುಮೆಂಟರಿಗಳೂ ಸಾಚಾ ಅಂತ ನಾನು ಹೇಳಲ್ಲ. ಹಿಂದೆ ಗುಂಯ್ ಅನ್ನುವ ಮ್ಯೂಸಿಕ್ಕು, ಕಣ್ಣೀರು ಬಂದ ತಕ್ಷಣ ಮುಖದ ಹತ್ತಿರ ಹೋಗುವ ಕ್ಯಾಮೆರಾ. ಒಬ್ಬರ ಸಂಕಟ ನಮ್ಮ ಭಾನುವಾರ ಮಧ್ಯಾಹ್ನದ ಟೈಂಪಾಸ್ ಆಗುತ್ತದೆ. ನಾನೂ ಚಹಾ ಕುಡಿಯುತ್ತಲೇ ನೋಡಿದೆ.

ನಮ್ಮ ಕಡೆ ಆ ಟೈಂಪಾಸೂ ಇಲ್ಲ ಬಿಡಿ. ಪಕ್ಕದ ಕೇರಳದಲ್ಲಿ, ಮಲಯಾಳಂ ಸಿನಿಮಾದ ಹೆಣ್ಣುಮಕ್ಕಳ ಪಾಡು ಏನು ಅಂತ ನೋಡಲು ಸರ್ಕಾರ ಮಾಡಿದ್ದ ಹೇಮಾ ಸಮಿತಿ 2019ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಜನರ ಕೈಗೆ ಬಂದಿದ್ದು 2024ರ ಆಗಸ್ಟ್‌ನಲ್ಲಿ, ಅದೂ ಅಲ್ಲಲ್ಲಿ ಕತ್ತರಿ ಹಾಕಿ. ಎಲ್ಲರೂ ದೊಡ್ಡ ಹೆಸರು ಯಾವುದು ಅಂತ ಹುಡುಕಿದರು. ನನಗೆ ನೆನಪಲ್ಲಿ ಉಳಿದಿದ್ದು ಬೇರೆ. ಸೆಟ್ಟಿನಲ್ಲಿ ಟಾಯ್ಲೆಟ್ ಇಲ್ಲ, ಬಟ್ಟೆ ಬದಲಾಯಿಸಲು ಜಾಗ ಇಲ್ಲ, ಅದಕ್ಕೇ ಹೆಣ್ಣುಮಕ್ಕಳು ನೀರೇ ಕುಡಿಯದೆ ಇರುತ್ತಾರೆ ಅಂತ ಬರೆದಿದ್ದರು. ಮಗಳು ಆಡಿಷನ್ ಕಥೆ ಹೇಳಿದಾಗ ನನಗೆ ತಟ್ಟನೆ ಹೊಳೆದಿದ್ದು ಅದೇ ಸಾಲು. ಆಮೇಲೆ ಕನ್ನಡದಲ್ಲೂ ಅಂಥದ್ದೊಂದು ಸಮಿತಿ ಬೇಕು ಅಂತ ಚಿತ್ರರಂಗದವರದೇ ಆದ 'ಫೈರ್' ಸಂಘಟನೆಯ ಮೂಲಕ 153 ಜನ ಸಹಿ ಹಾಕಿ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಆಗ ನಮ್ಮ ಬೀದಿಯಲ್ಲಿ ಕೇಳಿದ ಮಾತು, "ಸಿನಿಮಾಕ್ಕೆ ಹೋಗು ಅಂತ ಇವರಿಗೆ ಹೇಳಿದ್ದ್ಯಾರು?"

ಈ ಮಾತು ಹಳೆಯದು. ನಮ್ಮೂರು ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಊರು. ದುಗ್ಗಮ್ಮನ ಜಾತ್ರೆಯ ನಾಟಕ ಅಂದರೆ ನಮ್ಮಜ್ಜಿ ಚಾಪೆ ಸಮೇತ ಹೋಗುತ್ತಿದ್ದಳು. ರಾತ್ರಿಯಿಡೀ ಹೀರೋಯಿನ್ ಜೊತೆ ಅತ್ತು ಬರುವ ಅದೇ ಅಜ್ಜಿ, ನಾಟಕದ ಹೆಂಗಸು ಖಾಲಿ ರೂಮು ಬಾಡಿಗೆಗೆ ಕೇಳಿಕೊಂಡು ಬಂದರೆ "ಇಲ್ಲವ್ವಾ, ಮನೀಗೆ ನೆಂಟರು ಬರ್ತಾರ" ಅಂತ ಕಳಿಸುತ್ತಿದ್ದಳಂತೆ. ಅಮ್ಮ ಇದನ್ನು ನಗುತ್ತಾ ಹೇಳುತ್ತಿದ್ದಳು. ನಾವೂ ನಕ್ಕಿದ್ದೇವೆ.

ಕಾನೂನು ಇಲ್ಲ ಅಂತಲ್ಲ. ಬಾಲ ಕಲಾವಿದರಿಗೆ ಅಂತಲೇ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ, ಮೂರು ಗಂಟೆಗಿಂತ ಹೆಚ್ಚು ಒಂದೇ ಸಮ ಮಾಡಿಸುವಂತಿಲ್ಲ. ಶೂಟಿಂಗ್‌ಗೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ನಮ್ಮ ಡಿಸಿ, ಅನುಮತಿ ಬೇಕು. ಮಗುವಿನ ದುಡಿಮೆಯಲ್ಲಿ ಕನಿಷ್ಠ ಶೇ. 20ರಷ್ಟು ಅದರದೇ ಹೆಸರಲ್ಲಿ ಬ್ಯಾಂಕಿನಲ್ಲಿ ಫಿಕ್ಸೆಡ್ ಡೆಪಾಸಿಟ್ ಇಡಬೇಕು. ಆದರೆ ಮಂಟಪದ ಬಾಗಿಲ ಹೊರಗೆ ನಿಂತ ನಮ್ಮಲ್ಲಿ ಇದು ಯಾರಿಗೆ ಗೊತ್ತು? ನನಗೂ ಗೊತ್ತಾಗಿದ್ದು ಈಗ ಹುಡುಕಿದಾಗ.

ಮೊನ್ನೆ ತರಕಾರಿ ತರಲು ಹೋದಾಗ ಕಂಬದ ಮೇಲೆ ಒಂದು ಪೋಸ್ಟರ್ ನೋಡಿದೆ. "ಧಾರಾವಾಹಿಗೆ ಬಾಲ ಕಲಾವಿದರು ಬೇಕಾಗಿದ್ದಾರೆ." ಕೆಳಗೆ ಒಂದು ಮೊಬೈಲ್ ನಂಬರ್, ಕಂಪನಿ ಹೆಸರಿಲ್ಲ. ಅಲ್ಲೇ ನಿಂತು ಫೋನ್ ಮಾಡಿದೆ. ಆಡಿಷನ್ ಹಾಲಿನಲ್ಲಿ ತಾಯಿ ಕೂರಬಹುದಾ ಅಂತ ಕೇಳಿದೆ. ಆಗಲ್ಲ ಮೇಡಂ ಅಂದ. ಶೂಟಿಂಗ್‌ಗೆ ಡಿಸಿ ಆಫೀಸಿನಿಂದ ಅನುಮತಿ ತಗೊಳ್ತೀರಾ ಅಂದೆ. "ನೀವು ಲಾಯರ್ರಾ?" ಅಂದವನು ಫೋನ್ ಇಟ್ಟುಬಿಟ್ಟ.

ಮನೆಗೆ ಬಂದು ಹೇಳಿದರೆ ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಗೊತ್ತಾಯಿತು, ಪಕ್ಕದ ಮನೆಯವರು ಅವರ ಏಳು ವರ್ಷದ ಹುಡುಗಿಗೆ ಅದೇ ನಂಬರ್‌ಗೆ ಆಗಲೇ ದುಡ್ಡು ಹಾಕಿದ್ದಾರೆ. ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ. ಜೊತೆಗೆ ನಾನೂ ಬರುತ್ತೇನೆ ಅಂತ ಹೇಳಿದ್ದೇನೆ.